ತೊಟ್ಟಿಲಿಗೆ ಹಾಕದ ಕೂಸು

ನನಗೊಬ್ಬಳು ತಂಗಿ ಇದ್ದಳು. ಅವಳಿಗೆ ಹೆಸರಿರಲಿಲ್ಲ. ಮನೆಯಲ್ಲಿ ಎಲ್ಲರೂ ಕೂಸು ಅನ್ನುತ್ತಿದ್ದೆವು. ಈಗ ನೆನೆಸಿಕೊಂಡರೂ ಅದೇ ಬಾಯಿಗೆ ಬರುತ್ತದೆ.

ಬೀದರಿನ ಕಚೇರಿಗಳಲ್ಲಿ ಉರ್ದು ಬೋರ್ಡು ಇಳಿಸಿ ಕನ್ನಡ ಬೋರ್ಡು ಏರಿಸುತ್ತಿದ್ದ ಕಾಲ ಅದು. ಹೈದರಾಬಾದಿನವರಾಗಿದ್ದ ನಾವು ರಾತ್ರಿ ಬೆಳಗಾಗುವುದರಲ್ಲಿ ಮೈಸೂರಿನವರಾಗಿದ್ದೆವು. ಮೈಸೂರು ಯಾವ ದಿಕ್ಕಿಗಿದೆ ಎಂದು ನಮ್ಮ ಓಣಿಯಲ್ಲಿ ಒಬ್ಬರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಅಪ್ಪ ಔರಾದಿನ ಶಾಲೆಯಲ್ಲಿ ಮಾಸ್ತರ. ಶನಿವಾರ ಬಸ್ಸಿಗೆ ಬೀದರಿಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಿದ್ದ. ಅವನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಅಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಬೇರೆಯವರಿಗೆ ನಂಬಿಕೆ ಇರುವುದನ್ನೂ ಅವನು ತಾಳುತ್ತಿರಲಿಲ್ಲ.

ಅಪ್ಪನ ತಾಯಿ, ನಮ್ಮ ಆಯಿ, ಮುಂಜಾನೆ ಲಿಂಗಪೂಜೆಯಾಗದೆ ಹನಿ ನೀರು ಕುಡಿಯುವವಳಲ್ಲ. ಕೊರಳಲ್ಲಿ ಲಿಂಗವಿಲ್ಲದವರ ಕೈಯಿಂದ ನೀರು ಮುಟ್ಟುವವಳೂ ಅಲ್ಲ. ಅಪ್ಪ ತನ್ನ ಲಿಂಗ ತೆಗೆದಿಟ್ಟ ದಿನದಿಂದ ಹೆತ್ತ ಮಗನ ಕೈಯ ನೀರೂ ಅವಳಿಗೆ ವರ್ಜ್ಯವಾಗಿತ್ತು. ತಾಯಿ ಮಗ ಇಬ್ಬರೂ ಒಂದೇ ಅಚ್ಚು. ಅವ್ವ ಇಬ್ಬರಿಗೂ ಬಡಿಸುತ್ತಿದ್ದಳು.

ನಮ್ಮಲ್ಲಿ ಕೂಸಿಗೆ ಲಿಂಗ ಕಟ್ಟಿ, ಹೆಸರು ಕರೆದ ಮೇಲೆಯೇ ತೊಟ್ಟಿಲಿಗೆ ಹಾಕುವುದು. ಹೆಸರು ಕರೆಯಲು ಸೋದರತ್ತೆ ಬೇಕು. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಹೇಳುವಾಗ ಸುತ್ತ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕೋ ಗೊತ್ತಿಲ್ಲ, ಹುಡುಗಿಯರಿಗೆ ಆ ಸಮಾರಂಭದಲ್ಲಿ ಇಷ್ಟವಾಗುತ್ತಿದ್ದದ್ದು ಅದೊಂದೇ. ಅತ್ತೆಯ ಬೆನ್ನಿಗೆ ಒಂದು ಸರಿಯಾಗಿ ಕೊಡಬೇಕೆಂದು ನಾನು ಕಾದಿದ್ದೆ.

ಅತ್ತೆ ಭಾಲ್ಕಿಯಿಂದ ಲಿಂಗ ಕಟ್ಟುವ ಅಯ್ಯನವರನ್ನು ಕರೆದುಕೊಂಡು ಭಾನುವಾರ ಬಂದಳು. ಆಯಿಯ ಹತ್ತಿರ ಒಂದು ಹೆಸರು ಸಿದ್ಧವಿತ್ತು, ಅವಳ ಅತ್ತೆಯದು, ದೇವರು ಸೇರಿದ್ದು. ಅಪ್ಪನ ಹತ್ತಿರವೂ ಒಂದಿತ್ತು, ಯಾವ ದೇವರ ನೆರಳೂ ಬೀಳದ್ದನ್ನು ಹುಡುಕಿ ಇಟ್ಟುಕೊಂಡಿದ್ದ. ಅವ್ವನನ್ನು ಯಾರೂ ಕೇಳಲಿಲ್ಲ.

"ನನ್ನ ಕೂಸಿನ ಕೊರಳಿಗೆ ಕಲ್ಲು ಕಟ್ಟಲಿಕ್ಕೆ ನಾ ಬಿಡೂದಿಲ್ಲ," ಅಂದ ಅಪ್ಪ. ಅಯ್ಯನವರ ಎದುರಿಗೇ ಕಲ್ಲು ಎಂದ.

"ಹಂಗಾರ ನನ್ನ ತೊಟ್ಟಿಲದಾಗ ಭವಿ ಕೂಸು ಮಲಗೂದಿಲ್ಲ," ಅಂದಳು ಆಯಿ. ಭವಿ ಎಂದರೆ ಲಿಂಗವಿಲ್ಲದವರು.

ಅಯ್ಯನವರು ಊಟ ಮಾಡದೆ ಎದ್ದರು. ಅತ್ತೆ ಅವರ ಹಿಂದೆಯೇ ಬಸ್ಸು ಹಿಡಿದಳು. ತೊಟ್ಟಿಲು ಅಟ್ಟ ಸೇರಿತು.

ಅಲ್ಲಿಂದ ಆಯಿ ಕೂಸನ್ನು ಮುಟ್ಟುವುದು ಬಿಟ್ಟಳು. ಅವ್ವ ಎಣ್ಣೆ ಹಚ್ಚಿ ನೀರು ಹಾಕುವಾಗ ಮಾತ್ರ ಬಚ್ಚಲ ಬಾಗಿಲಲ್ಲಿ ಕೂತು, "ಕಾಲ ಎಳಿ, ಮೂಗ ತಿದ್ದು" ಎಂದು ಹೇಳುತ್ತಿದ್ದಳು. ನೋಡುವುದಕ್ಕೆ ಅಡ್ಡಿ ಇರಲಿಲ್ಲ.

ಮುಂದಿನ ವಾರ ಬಂದಾಗ ಅಪ್ಪ ಅವ್ವನ ಹಳೆಯ ಸೀರೆಯೊಂದನ್ನು ತೊಲೆಗೆ ಕಟ್ಟಿ ಜೋಲಿ ಮಾಡಿ ಕೂಸನ್ನು ಮಲಗಿಸಿದ. ಗೆದ್ದವರ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದು ಅವತ್ತು. ಆಯಿ ತನ್ನ ಊಟದ ಗಂಗಾಳ ಬೋರಲು ಹಾಕಿದಳು. ಜೋಲಿಯೂ ತೊಟ್ಟಿಲೇ, ಆ ಸೀರೆ ಇಳಿಯುವವರೆಗೆ ಈ ಮನೆಯಲ್ಲಿ ಉಣ್ಣುವುದಿಲ್ಲ ಎಂದಳು.

"ಹಸಿವಾದ್ರ ತಾನೇ ಉಣ್ತಾಳ," ಎಂದು ಅಪ್ಪ ಔರಾದಿಗೆ ಹೋದ.

ಅವಳು ಉಣ್ಣಲಿಲ್ಲ. ಮಂಗಳವಾರ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲೂ ಇಲ್ಲ. ಅವ್ವ ಸೀರೆ ಬಿಚ್ಚಿದಳು. "ಮುದುಕಿ ಹೋದ್ರ ನನ್ನ ತಲಿ ಮ್ಯಾಗ ಬರ್ತದ," ಎಂದು ನನಗೆ ಹೇಳಿದಳು, ನಾನು ಕೇಳದಿದ್ದರೂ. ನೆಲದ ಮೇಲೆ ಕೌದಿ ಹಾಸಿ ಕೂಸನ್ನು ಮಲಗಿಸಿದಳು. ಆಯಿ ಎದ್ದು ಕೂತು ಅಂಬಲಿ ಕುಡಿದಳು.

ನಮ್ಮದು ಹಳೆಯ ಕೆಂಪು ಕಲ್ಲಿನ ಗೋಡೆ. ಸಂದಿನ ಮಣ್ಣು ಉದುರಿತ್ತು. ಮರುದಿನ ಮಧ್ಯಾಹ್ನ ಅವ್ವ ಹಿತ್ತಲಲ್ಲಿದ್ದಾಗ ಕೂಸು ಒಮ್ಮೆಲೆ ಬೇರೆಯೇ ದನಿಯಲ್ಲಿ ಅತ್ತಿತು. ಮೊದಲು ಓಡಿದ್ದು ಆಯಿ. ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಕೌದಿಯ ಅಂಚಿನಲ್ಲಿ ಚೇಳು ನಿಂತಿತ್ತು. ಸಣ್ಣದು, ಕೆಂಪನೆಯದು. ಟಾಂಗಾ ಮಾಡಿಕೊಂಡು ದವಾಖಾನೆಗೆ ಹೋದೆವು. ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದೆವು. ಹೋಗುವಾಗ, ಬರುವಾಗ, ಆಯಿ ಕೂಸನ್ನು ಯಾರ ಕೈಗೂ ಕೊಡಲಿಲ್ಲ. ಬರುವಾಗ ಅದು ಅಳುತ್ತಿರಲಿಲ್ಲ.

ನನಗೆ ಅಳು ಬರಲಿಲ್ಲ. ಆಮೇಲೂ ಬಂದಿಲ್ಲ. ಎದೆಯೊಳಗೆ ಒಂದು ಕಡೆ ಜೋಮು ಹಿಡಿದಿತ್ತು, ಅದು ಬಿಟ್ಟೇ ಇಲ್ಲ.

ಮುಂಜಾನೆ ಅಪ್ಪ ಔರಾದಿನಿಂದ ಬಂದ, ಅತ್ತೆ ಭಾಲ್ಕಿಯಿಂದ ಬಂದಳು. ಅಂಗಳದಲ್ಲಿ ಆಯಿಯ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಕೂಸಿತ್ತು. ಈಗಲಾದರೂ ಲಿಂಗ ಕಟ್ಟಿ ಮಣ್ಣು ಮಾಡಬೇಕು, ಇಲ್ಲವಾದರೆ ಅಯ್ಯನವರು ಬರುವುದಿಲ್ಲ ಎಂದಳು ಆಯಿ. ಬದುಕಿದ್ದಾಗ ಕಟ್ಟದ್ದನ್ನು ಸತ್ತ ಮೇಲೂ ಕಟ್ಟಗೊಡುವುದಿಲ್ಲ ಎಂದ ಅಪ್ಪ. ಇಬ್ಬರ ದನಿಯೂ ಏರಲಿಲ್ಲ.

"ಕೊರಳಾಗ ಲಿಂಗ ಇದ್ದಿದ್ರ ಚೇಳು ಹತ್ರ ಬರ್ತಿತ್ತೇನೋ?"

"ಜೋಲಿ ಬಿಚ್ಚಿಸದೇ ಇದ್ದಿದ್ರ ಬರ್ತಿತ್ತೇನವ್ವಾ?"

ಕೂಸು ಸತ್ತದ್ದು ಇಬ್ಬರಿಗೂ ಸಾಕ್ಷಿಯಾಗಿ ಒದಗಿತ್ತು.

ಅವ್ವ ಎದ್ದಳು. ಅಟ್ಟಕ್ಕೆ ಏಣಿ ಹಚ್ಚಿದಳು. ನಾನು ಕೆಳಗೆ ನಿಂತು ತೊಟ್ಟಿಲು ಹಿಡಿದುಕೊಂಡೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಪಡಸಾಲೆಯ ಕೊಂಡಿಗೆ ಸರಪಳಿ ಸಿಕ್ಕಿಸಿ, ಅಂಗಳಕ್ಕೆ ಬಂದು ಆಯಿಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ಹೋಗಿ ಮಲಗಿಸಿದಳು. ಯಾರೂ ತಡೆಯಲಿಲ್ಲ.

"ಅಕ್ಕಾ, ಹೆಸರ ಕರೀರಿ," ಎಂದಳು ಅತ್ತೆಗೆ.

ಅತ್ತೆ ಆಯಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಯಾವ ಹೆಸರವ್ವಾ?" ಅಂದಳು.

ಅವ್ವ ತಾನೇ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿದಳು. ಅವಳ ಬೆನ್ನು ನನ್ನ ಮುಂದೆಯೇ ಇತ್ತು. ಯಾರ ಕೈಯೂ ಏಳಲಿಲ್ಲ. ನಾನು ಮುಷ್ಟಿ ಕಟ್ಟಿ ಮೆಲ್ಲಗೆ ಒಂದು ಗುದ್ದಿದೆ.

ಆಮೇಲೆ ಗಂಡಸರು ಕೂಸನ್ನು ಒಯ್ದರು. ಲಿಂಗ ಕಟ್ಟಿದರೋ ಬಿಟ್ಟರೋ ನನಗೆ ಗೊತ್ತಿಲ್ಲ.

ತಿಂಗಳು ಕಳೆದಿರಬಹುದು, ಆಯಿ ನನ್ನನ್ನು ಹತ್ತಿರ ಕರೆದು ಕೇಳಿದಳು: "ನಿಮ್ಮವ್ವ ಏನಂತ ಕರೆದಳು? ನಿಮ್ಮಪ್ಪ ಅಂದಿದ್ದ ಹೆಸರೇ ಏನು?" ಕೇಳಿಸಲಿಲ್ಲ ಆಯಿ ಎಂದೆ. ಆ ಶನಿವಾರವೇ ಇರಬೇಕು, ಬಾವಿಯ ಹತ್ತಿರ ಅಪ್ಪನೂ ಕೇಳಿದ: "ಮುದುಕಿ ಹೇಳಿದ ಹೆಸರೇ ಇಟ್ಟಳೇನು?" ಅವನಿಗೂ ಅದನ್ನೇ ಹೇಳಿದೆ. ಅದು ನಿಜ. ಇಬ್ಬರೂ ಸಮಾಧಾನವಾಗದೆ ಹೋದರು. ಎರಡೂ ಅಲ್ಲದ ಮೂರನೆಯದೊಂದು ಹೆಸರು ಅವ್ವನ ಹತ್ತಿರ ಇದ್ದಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.