ಸಂಘದ ಪತ್ರವಿಲ್ಲದ ಔಷಧಿ ಅಂಗಡಿ

ಬೀರುವಿನ ಹಳೆ ಕಾಗದಗಳ ನಡುವೆ ಕಂದು ಬಣ್ಣದ ಔಷಧಿ ಕವರೊಂದು ಸಿಕ್ಕಿತು. ಮೇಲೆ ಪೆನ್ನಿನಲ್ಲಿ ಬರೆದ ಒಂದು ಸೂರ್ಯ, ಒಂದು ಅರ್ಧಚಂದ್ರ. ಓದು ಬಾರದ ನನ್ನ ತಾಯಿಗೆ ಬೆಳಿಗ್ಗೆಯ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ತಿಳಿಯಲಿ ಅಂತ ಬೆಂಗಳೂರಿನ ನಮ್ಮ ಅಲ್ಲಾಳಸಂದ್ರದ ಔಷಧಿ ಅಂಗಡಿಯ ಅಕ್ಕ ಬರೆದುಕೊಟ್ಟಿದ್ದು...

ಅಕ್ಕ ಕಲಬುರಗಿ ಕಡೆಯವರು. ಫಾರ್ಮಸಿ ಓದಿ, ಯಾರ್ಯಾರದೋ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತು, ಕೊನೆಗೆ ತಮ್ಮದೇ ಹೆಸರಿನಲ್ಲಿ ಲೈಸೆನ್ಸ್ ಪಡೆದು ನಮ್ಮ ಬೀದಿಯಲ್ಲಿ ಬಾಗಿಲು ತೆರೆದಿದ್ದರು. ಮೊದಲ ತಿಂಗಳು ಮಾಲು ಸರಿಯಾಗಿಯೇ ಬಂತು. ಬೆಲೆಯಲ್ಲಿ ರಿಯಾಯಿತಿ ಎಂದು ಬೋರ್ಡು ಹಾಕಿದ್ದೇ ತಡ, ಅಂಗಡಿಗಳಿಗೆ ಔಷಧಿ ಪೂರೈಸುವ ಏಜೆನ್ಸಿಯವರು ಕೈಯೆತ್ತಿದರು. ವ್ಯಾಪಾರಿಗಳ ಸಂಘದಿಂದ ‘ಆಕ್ಷೇಪಣೆ ಇಲ್ಲ’ ಎಂಬ ಪತ್ರ ತಂದರೆ ಮಾತ್ರ ಮಾಲು ಅಂದರು. ಯಾವ ಕಾನೂನಿನಲ್ಲೂ ಇಲ್ಲದ ಪತ್ರ. ಅದನ್ನು ಕೊಡಬೇಕಾದ ಕಾರ್ಯದರ್ಶಿ ಯಾರು ಅಂತೀರಿ? ಅದೇ ಬೀದಿಯ ತುದಿಯ ಔಷಧಿ ಅಂಗಡಿಯ ಯಜಮಾನ. ಬಿಲ ತೋಡಲು ಇಲಿ ಬೆಕ್ಕಿನ ರುಜು ತರಬೇಕಂತೆ.

ಪತ್ರ ಕೇಳಲು ಅವನ ಅಂಗಡಿಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಆತ ಕೂರಲು ಹೇಳಲಿಲ್ಲ.

“ನಾವೇನ್ ಬೇಡ ಅಂದ್ವಾ ಮೇಡಂ? ಲೈಸೆನ್ಸ್ ಕೊಟ್ಟಿದ್ದು ಸರ್ಕಾರ ತಾನೇ, ಮಾಲೂ ಸರ್ಕಾರದ ಹತ್ರಾನೇ ತಗೊಳ್ಳಿ.”

ಪಕ್ಕದಲ್ಲಿದ್ದವರು ನಕ್ಕರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ದಾರಿ ತೋರಿಸಿದ. ಅಂಗಡಿ ಮುಚ್ಚಿ, ಲೈಸೆನ್ಸಿಗೆ ಬೇಕಾಗುವ ಫಾರ್ಮಸಿ ಸರ್ಟಿಫಿಕೇಟನ್ನು ತಾನು ಬೇರೆಡೆ ತೆರೆಯಲಿರುವ ಹೊಸ ಅಂಗಡಿಯ ಗೋಡೆಗೆ ನೇತುಹಾಕಲು ಕೊಟ್ಟರೆ ಅಕ್ಕ ಮನೆಯಲ್ಲೇ ಇರಬಹುದು, ಸಂಬಳ ಮನೆಗೇ ಬರುತ್ತದೆ. ಆಗಲೇ ಅವನ ಗೋಡೆಯ ಮೇಲಿದ್ದ ಸರ್ಟಿಫಿಕೇಟಿನ ಫಾರ್ಮಸಿಸ್ಟನನ್ನೂ ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಸಂಘದ ಸಭೆಗಳಲ್ಲಿ ಇಂಥವನ ಬಾಯಲ್ಲಿ ಜನರ ಆರೋಗ್ಯದ ಮಾತು ಬೇರೆ...

ಅಕ್ಕ ಹೊರಡುತ್ತಾ ಇಷ್ಟೇ ಹೇಳಿದರು: “ಓದಿದ್ದು ನಾನ್ರಿ. ಗ್ವಾಡಿ ಅಲ್ಲ.”

ಮತ್ತೆ ನಾಲ್ಕು ತಿಂಗಳು ಬಾಗಿಲು ತೆರೆದೇ ಕೂತರು. ಇನ್ಸುಲಿನ್ ಇರಬೇಕಿದ್ದ ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳು. ಮಾತ್ರೆ ಕೇಳಿ ಬಂದವರನ್ನು ತಾವೇ ಕೈ ತೋರಿಸಿ ಬೀದಿಯ ತುದಿಗೆ ಕಳಿಸುತ್ತಿದ್ದರು. ಆಮೇಲೆ ಬಾಗಿಲೆಳೆದು ಊರಿಗೆ ಹೊರಟುಹೋದರು...

ಹೋದ ವಾರ ಅವರ ತಂಗಿ ಫೋನ್ ಮಾಡಿ, ಅಕ್ಕ ತೀರಿಕೊಂಡರು ಎಂದಾಗ ನಾನು ಅದೇ ಕಾರ್ಯದರ್ಶಿಯ ಅಂಗಡಿಯ ಮುಂದೆ ಬಿಪಿ ಮಾತ್ರೆಗೆ ನಿಂತಿದ್ದೆ. ನಮ್ಮ ಬೀದಿಯಲ್ಲಿ ಇಂದಿಗೂ ಇನ್ನೊಂದು ಔಷಧಿ ಅಂಗಡಿಯಿಲ್ಲ. ಫೋನನ್ನು ಜೇಬಿಗಿಟ್ಟೆ. ನನ್ನ ಸರದಿ ಬಂತು, ಚೀಟಿ ಚಾಚಿದೆ.