ಮೊಯ್ದೀನಬ್ಬ ಕೂಗದ ಮೀನು

ಮಂಗಳೂರಿನಲ್ಲಿ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನಿನ ಏಲಂ ಕೂಗುವವರು ಹಲವರಿದ್ದಾರೆ. ಆದರೆ ಮೊಯ್ದೀನಬ್ಬರು ಬಾಯಿ ತೆರೆದರೆ ಬುಟ್ಟಿ ಹೊತ್ತು ಹೊರಟವರೂ ಒಮ್ಮೆ ನಿಲ್ಲುತ್ತಾರೆ. ಅವರು ಬಂಗುಡೆ ಮೀನನ್ನು ಹೊಗಳುವುದು ಕೇಳಿದರೆ ಮದುವೆಗೆ ಬಂದ ಮಗಳಿಗೆ ಗಂಡು ಹುಡುಕುತ್ತಿದ್ದಾರೋ ಎಂದು ಅನುಮಾನ ಬರಬೇಕು. "ಮನೆಯಲ್ಲಿ ಮಾತ್ರ ಇವರಿಗೆ ಸ್ವರವೇ ಇಲ್ಲ" ಎಂದು ಹೆಂಡತಿ ಹವ್ವಮ್ಮ ನಗುತ್ತಾರೆ. ಅದೂ ಸುಳ್ಳಲ್ಲ.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಪ್ರತಿ ಬೋಟಿನ ಬೋಣಿಯನ್ನು, ಅಂದರೆ ಮೊದಲ ವ್ಯಾಪಾರವನ್ನು, ಅದರ ಖಾಯಂ ಮನುಷ್ಯನೇ ಕೂಗಬೇಕು. ಬೋಣಿ ತಪ್ಪಿದರೆ ವರ್ಷವೇ ಕೆಟ್ಟಿತೆಂದು ನಂಬಿಕೆ. ಗೆಳೆಯ ಬೂಬಣ್ಣನ ಬೋಟಿನ ಬೋಣಿ ಕೂಗುತ್ತಲೇ ಮೊಯ್ದೀನಬ್ಬರ ತಲೆ ನರೆತದ್ದು. ಬೂಬಣ್ಣ ಮೀನು ಹಿಡಿಯುವ ಮೊಗವೀರರು, ಮೊಯ್ದೀನಬ್ಬರು ಕರಾವಳಿಯ ಮುಸಲ್ಮಾನ ಬ್ಯಾರಿ. ಒಬ್ಬರ ಮನೆಯ ಮದುವೆಯಲ್ಲಿ ಇನ್ನೊಬ್ಬರದೇ ಓಡಾಟ.

ಈ ಸಲ ಬೂಬಣ್ಣ ತಂದ ರಾಶಿಯ ಮೇಲೆ ಆಳುದ್ದದ ಗಿಟಾರ್ ಮೀನೊಂದು ಸತ್ತು ಬಿದ್ದಿತ್ತು. ಉಬ್ಬಿದ ಹೊಟ್ಟೆಯ ತುಂಬ ಮರಿಗಳು. ಒಂದು ಕಾಲದಲ್ಲಿ ಧಕ್ಕೆಯಲ್ಲಿ ಸಾಲಾಗಿ ಮಲಗುತ್ತಿದ್ದ ಮೀನು ಅದು. ರೆಕ್ಕೆಗೆ ವಿದೇಶದ ಬೆಲೆ ಬಂದದ್ದೇ ತಡ, ಹಿಡಿದು ಹಿಡಿದು ಈಗ ಕಾಣಸಿಗುವುದೇ ಅಪರೂಪ. ಹುಲಿಗಿರುವ ಕಾನೂನೇ ಈಗ ಇದಕ್ಕೂ ಇದೆ: ಹಿಡಿಯಬಾರದು, ಮಾರಬಾರದು. ಅಧಿಕಾರಿಗಳು ಬಂದು ಹೇಳಿದ್ದನ್ನು ಎಲ್ಲರೂ ಕೇಳಿ, ಚಹಾ ಕುಡಿದು, ಮರೆತಿದ್ದರು. ಮೊಯ್ದೀನಬ್ಬರು ಮರೆತಿರಲಿಲ್ಲ.

"ದೊಡ್ಡದರಿಂದಲೇ ಬೋಣಿ ಆಗಲಿ" ಎಂದರು ಬೂಬಣ್ಣ.

"ಇದನ್ನು ಕೂಗ್ಲಿಕ್ಕೆ ಆಗುದಿಲ್ಲ ಬೂಬಣ್ಣ. ಫಾರೆಸ್ಟಿನವರಿಗೆ ಹೇಳುವ. ಬಾಕಿದ್ದು ಕೂಗ್ತೇನೆ."

"ಸತ್ತ ಮೀನಿಗೆ ಎಂತ ಕಾನೂನು ಮಾರಾಯ? ನನ್ನ ಬೋಣಿ ತಪ್ಪಿಸ್ತೀಯಾ?"

"ಸತ್ತದ್ದಕ್ಕೆ ಬೆಲೆ ಉಂಟು ಅಂತಲೇ ಅಲ್ವಾ ಬದುಕಿದ್ದನ್ನು ಹಿಡಿಯುದು?"

ಕೊಳ್ಳುವವರೆಲ್ಲ ಸುತ್ತ ನಿಂತು ಕಾದರು. ಮೊಯ್ದೀನಬ್ಬರು ಫೋನು ತೆಗೆದು ಅರಣ್ಯ ಇಲಾಖೆಗೆ ಹೇಳಿದರು. ಜೀವದ ಗೆಳೆಯನನ್ನು ನಾಲ್ಕು ಜನರೆದುರು ಅವಮಾನಿಸುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಎಂಥ ಗಟ್ಟಿ ಎದೆಯಪ್ಪ! ಕೊನೆಗೆ ಅರಣ್ಯ ಇಲಾಖೆಯವರು ಬಂದು ಮೀನನ್ನು ಒಯ್ದರು. ಉಳಿದ ರಾಶಿಯನ್ನು ಬೂಬಣ್ಣ ಪಕ್ಕದಲ್ಲಿ ಏಲಂ ಕೂಗುವ ಅಝರನಿಗೆ ಕೊಟ್ಟರು.

ಅಂದಿನಿಂದ ಬೋಟು ಅಝರನ ಕಡೆಗೇ. ಧಕ್ಕೆಯವರು ಮೊಯ್ದೀನಬ್ಬರಿಗೆ 'ಮೀನಿನ ವಕೀಲ' ಎಂದು ಹೆಸರಿಟ್ಟರು. ಅದನ್ನು ನಕ್ಕು ತಳ್ಳಬಹುದಿತ್ತು. ಎದುರು ಸಿಕ್ಕ ಬೂಬಣ್ಣ ಮುಖ ತಿರುಗಿಸಿ ಹೋಗುವುದನ್ನು ಮಾತ್ರ ತಡೆದುಕೊಳ್ಳಲಾಗುತ್ತಿರಲಿಲ್ಲ. ಊಟ ಸೇರದಾಯಿತು.

"ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ" ಎಂದರು ಹವ್ವಮ್ಮ.

"ಹೋಗ್ತೇನೆ. ತಪ್ಪಾಯ್ತು ಅಂತ ಮಾತ್ರ ಹೇಳುದಿಲ್ಲ."

ಹೋದರು. ಬಲೆ ಹೊಲಿಯುತ್ತಿದ್ದ ಬೂಬಣ್ಣ ತಲೆಯೆತ್ತಲಿಲ್ಲ. ಮೊಯ್ದೀನಬ್ಬರು ಬಲೆಯ ಇನ್ನೊಂದು ತುದಿಯ ಹರುಕನ್ನು ಹೊಲಿದಿಟ್ಟು ಎದ್ದು ಬಂದರು. ಮರುವಾರ ಮತ್ತೆ ಹೋದರು, ಅದರ ಮರುವಾರವೂ.

ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೂಬಣ್ಣನ ಬೋಟು ನೇರ ಮೊಯ್ದೀನಬ್ಬರ ಜಾಗಕ್ಕೆ ಬಂದು ನಿಂತಿತು. ಇಳಿದದ್ದು ಅಷ್ಟಿಷ್ಟು ಬಂಗುಡೆ.

"ಮೊನ್ನೆ ಮತ್ತೊಂದು ಬಿದ್ದಿತ್ತು ಬಲೆಗೆ" ಎಂದರು ಬೂಬಣ್ಣ, ಬೇರೆಲ್ಲೋ ನೋಡುತ್ತ. "ಜೀವ ಇತ್ತು. ಎಲ್ಲರೂ ಸೇರಿ ಎತ್ತಿ ಕಡಲಿಗೆ ಬಿಟ್ಟೆವು."

"ತಂದಿದ್ರೆ ಅಝರ್ ಕೂಗ್ತಿದ್ದನೋ ಏನೋ" ಎಂದರು ಮೊಯ್ದೀನಬ್ಬರು.

"ಕೂಗ್ತಿದ್ದ. ನೀನು ಕೂಗದ್ದನ್ನು ಮಾರಿ ನಾನು ಹೇಗೆ ಉಣ್ಣುದು ಮಾರಾಯ?" ಎಂದು ಬೂಬಣ್ಣ ಗದರಿದರು.