ಬಾಯಿಸಾಬಳ ಕುರ್ಚಿ

ನನಗೆ ಮಾತು ಕಲಿಸಿದವಳು ಅತ್ತೆ, ಅಪ್ಪನ ಅಕ್ಕ. ಅವ್ವ ಕೂಲಿಗೆ ಹೋದಳೆಂದರೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಅತ್ತೆಯ ಕಟ್ಟೆಯೇ ನನ್ನ ಮನೆ. ಅಲ್ಲಿ ಕೂತು ಅವಳು ಹೋಗಿಬರುವ ಹೆಂಗಸರಿಗೆಲ್ಲ ಹೆಸರಿಡುತ್ತಿದ್ದಳು. ಕೈಗಡಿಯಾರ ಕಟ್ಟಿದವಳು ದಿಮಾಕಿನ ಬೇಗಂ. ಮನೆಗೆ ಬಣ್ಣ ಹೊಡೆಸಿದವಳು ಹೊಸ ಸಾವ್ಕಾರ್ತಿ. ಕೂಲಿಯವರ ಮಗಳು ಚಪ್ಪಲಿ ಸಪ್ಪಳ ಮಾಡುತ್ತ ಕಾಲೇಜಿಗೆ ಹೊರಟರೆ ಬಾಯಿಸಾಬ, ಅಂದರೆ ದೊರೆಸಾನಿ. ಗಂಡಸು ಮೋಟಾರ್‌ಸೈಕಲ್ ತಂದರೆ ಮಾತ್ರ, ಪೋರ ಸುಧಾರಿಸ್ಯಾನ ಎಂದು ಹರಸುತ್ತಿದ್ದಳು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅಷ್ಟು ರುಚಿಯಾಗಿ ಮಾತಾಡುವವರನ್ನು ಇಂದಿಗೂ ಕಂಡಿಲ್ಲ.

ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ನಮ್ಮಲ್ಲಿ ಮದುವೆಗೆ ಮುಂಚೆ ಬಳಗದ ಹೆಂಗಸರೆಲ್ಲ ಅಂಗಳದಲ್ಲಿ ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಆ ಸಾಲಿನಲ್ಲಿ ಒಬ್ಬೊಬ್ಬರಿಗೂ ಒಂದು ಜಾಗ. ನನ್ನದು ಅತ್ತೆಯ ಎಡಗಡೆ. ಅವ್ವ ತೀರಿಕೊಂಡ ಮೇಲೆ ನನಗೆ ತವರು ಅಂತ ಉಳಿದದ್ದು ಆ ಜಾಗವೊಂದೇ.

ಹುಮನಾಬಾದಿನ ಔಷಧಿ ಫ್ಯಾಕ್ಟರಿಯಲ್ಲಿ ಗುಳಿಗೆ ಪ್ಯಾಕಿಂಗಿಗೆ ಸೇರಿದ್ದ ನನ್ನನ್ನು ಹೋದ ವರ್ಷ ಸೂಪರ್‌ವೈಸರ್ ಮಾಡಿದರು. ಒಂದು ಸ್ಕೂಟಿ ಕೊಂಡೆ. ಅಷ್ಟರಲ್ಲಿ ಅತ್ತೆಯ ಮೊಮ್ಮಗಳ ಮದುವೆ ಗೊತ್ತಾಯಿತು. ರೊಟ್ಟಿಯ ದಿನಕ್ಕೆಂದು ರಜೆ ಹಾಕಿ, ಉಗುರು ಕತ್ತರಿಸಿಕೊಂಡು, ಹಳೇ ಸೀರೆ ಉಟ್ಟು, ಅದೇ ಸ್ಕೂಟಿಯಲ್ಲಿ ಬಂದಿಳಿದೆ.

ಸಾಲು ಆಗಲೇ ಕೂತಿತ್ತು. ಅತ್ತೆಯ ಎಡಗಡೆ ಅವಳ ಸೊಸೆ ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು. ನಾನು ಸೆರಗು ಸಿಕ್ಕಿಸಿ, ಕೈ ತೊಳೆದು ಬಂದು, "ಜರಾ ಸರೀರಿ ವೈನಿ" ಎಂದೆ. ಆಕೆ ಅತ್ತೆಯ ಮುಖ ನೋಡಿದಳು.

ಅತ್ತೆ ತಲೆ ಎತ್ತಲಿಲ್ಲ. "ಬಾಯಿಸಾಬ ಬಂದಾಳ. ಕುರ್ಚಿ ಹಾಕ್ರವಾ. ನೆಲದಾಗ ಕುಂತ್ರ ಸೀರಿ ಹೊಲಸಾಗ್ತದ."

ಸಾಲಿಗೆ ಸಾಲೇ ನಕ್ಕಿತು. ಎಷ್ಟು ಪರಿಚಿತ ನಗು ಅದು.

"ನನಗೂ ಹೆಸರಿಟ್ಟಿಯೇನ್ ಅತ್ತೀ?"

"ನಾ ಯಾಕ ಇಡಲಿ? ನಿನ್ನ ಗಾಡಿ ಓಣಿ ತುಂಬ ಒದರಿಕೋತ ಬಂತಲ್ಲ."

ಪ್ಲಾಸ್ಟಿಕ್ ಕುರ್ಚಿ ಬಂತು. ಒಲೆಯಿಂದ ದೂರ, ಬಾಗಿಲ ಬಳಿ ಹಾಕಿದರು. ಮತ್ತೊಮ್ಮೆ ಸಾಲಿನ ಕಡೆ ಹೆಜ್ಜೆ ಇಟ್ಟೆ. ಅತ್ತೆ ತನ್ನ ಎಡಗಡೆ ಉಳಿದಿದ್ದ ಗೇಣು ಜಾಗದಲ್ಲಿ ನೀರಿನ ತಂಬಿಗೆ ಇಟ್ಟಳು. ಹೋಗಿ ಕುರ್ಚಿಯಲ್ಲಿ ಕೂತೆ.

ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಟ್ಟೆಯಲ್ಲಿ ಬಂದವು. ರೊಟ್ಟಿ ಅತ್ತೆಯ ಕೈಯದೇ. ಅಂಥ ತೆಳು ಅಂಚು ಇನ್ನಾರಿಗೂ ಬರುವುದಿಲ್ಲ, ನನ್ನೊಬ್ಬಳನ್ನು ಬಿಟ್ಟರೆ. ಪೂರ್ತಿ ಉಂಡೆ. ತಟ್ಟೆ ತೊಳೆಯಲು ಎದ್ದರೆ, ಬೀಗರಿಗೆ ಮಾಡುವ ಹಾಗೆ, ಅದನ್ನೂ ನನ್ನ ಕೈಯಿಂದ ತೆಗೆದುಕೊಂಡರು.